ಬೇಲಿಯಾಚೆಯ ವ್ಯಾನ್

ಮುಸಫ್ಫಾದ ಒಂದು ಅಡುಗೆ ಕಂಪನಿಯಲ್ಲಿ ಊಟದ ವ್ಯಾನುಗಳನ್ನು ಕಳಿಸುವ ಕೆಲಸ ನನ್ನದಾಗಿತ್ತು. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಅಬುಧಾಬಿಯ ನಕ್ಷೆ, ನಕ್ಷೆಯಲ್ಲಿ ಹರಿದಾಡುವ ಹನ್ನೊಂದು ಹಸಿರು ಚುಕ್ಕೆ. ಆ ಪರದೆ ಬಂದ ಹೊಸತರಲ್ಲಿ ನನಗೆ ಸ್ವಲ್ಪ ಕೊಂಬು ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಡ್ರೈವರುಗಳು ಚಹಾಕ್ಕೆ ನಿಂತರೂ ಫೋನ್ ಮಾಡಿ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಿದ್ದೆ.

ಅಲ್ಲಿ ಬೇಸಿಗೆಯಲ್ಲಿ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕಟ್ಟಡ ಕಟ್ಟುವವರ ಊಟ, ನಿದ್ದೆ ಎಲ್ಲ ಅಷ್ಟರಲ್ಲೇ ಆಗಬೇಕು. ಜುಲೈ ತಿಂಗಳ ಒಂದು ದಿನ, ಅಲ್ ಐನ್ ರಸ್ತೆಯ ಸೈಟಿಗೆ ನೂರಾ ಎಂಬತ್ತು ಜನರ ಊಟ ಒಯ್ಯುತ್ತಿದ್ದ ವ್ಯಾನಿನ ಚುಕ್ಕೆ ಹೆದ್ದಾರಿಯ ನಡುವೆ ಕೆಂಪಾಗಿ ನಿಂತಿತು. ಇಂಜಿನ್ ಕಾದು ಕೈಕೊಟ್ಟಿತ್ತು. ಗಂಟೆ ಹನ್ನೆರಡು.

ಹತ್ತಿರ ಯಾವ ವ್ಯಾನಿದೆ ಎಂದು ಪರದೆಯಲ್ಲಿ ಹುಡುಕಿದೆ. ಎರಡೇ ಕಿಲೋಮೀಟರ್ ದೂರದಲ್ಲಿ ಒಂದು ಖಾಲಿ ವ್ಯಾನ್ ವಾಪಸ್ ಬರುತ್ತಿತ್ತು. ಅದರ ಡ್ರೈವರ್ ಪುತ್ತೂರು ಕಡೆಯ ಹಿರಿಯರು, ನನಗಿಂತ ಇಪ್ಪತ್ತು ವರ್ಷ ಮೊದಲು ಗಲ್ಫಿಗೆ ಬಂದವರು. ಫೋನ್ ಮಾಡಿ, ಕೆಟ್ಟು ನಿಂತ ವ್ಯಾನಿನ ಊಟ ತುಂಬಿಸಿಕೊಂಡು ಸೈಟಿಗೆ ಹೋಗಿ ಎಂದೆ.

"ಮೇಡಂ, ಅವ ನಿಂತದ್ದು ಆಚೆ ಬದಿಯಲ್ಲಿ..."

"ಎರಡೇ ಕಿಲೋಮೀಟರ್ ಅಣ್ಣಾ, ಮ್ಯಾಪಲ್ಲಿ ಕಾಣ್ತಾ ಉಂಟು. ಹೋಗಿ ನೀವು!" ಎಂದು ಫೋನ್ ಇಟ್ಟೆ.

ಕಾಲು ಗಂಟೆ ಕಳೆದರೂ ಅವರ ಚುಕ್ಕೆ ದೂರವೇ ಹೋಗುತ್ತಿತ್ತು. ಸಿಟ್ಟು ನೆತ್ತಿಗೇರಿ ಮತ್ತೆ ಫೋನ್ ಮಾಡಿದೆ.

"ತಿರುಗ್ಲಿಕ್ಕೆ ಜಾಗ ಇನ್ನೂ ಮುಂದೆ ಇರುದು ಮೇಡಂ," ಎಂದರು ಅವರು, ಶಾಂತವಾಗಿ. "ನೀವು ಮ್ಯಾಪ್ ನೋಡಿದ್ದು, ರಸ್ತೆ ಮಧ್ಯದ ಬೇಲಿ ನೋಡ್ಲಿಲ್ಲ."

ನಾಚಿಕೆಯಿಂದ ಮುಖ ಬಿಸಿಯಾಯಿತು. ನಮ್ಮ ಪರದೆ ಹತ್ತಿರವೆಂದು ಹೇಳುತ್ತಿದ್ದುದು ಹಕ್ಕಿ ಹಾರುವ ಲೆಕ್ಕದಲ್ಲಿ. ಕ್ಷಮೆ ಕೇಳಿ, ಉಳಿದ ಹತ್ತು ವ್ಯಾನುಗಳಿಗೂ ಒಂದೊಂದಾಗಿ ರಸ್ತೆಯ ದಾರಿ ಎಳೆದು ನೋಡಿದೆ. ಎಲ್ಲಕ್ಕಿಂತ ದೂರ ಕಾಣುತ್ತಿದ್ದ, ನಮ್ಮ ಗೇಟಿನಲ್ಲೇ ಇದ್ದ ನೀರಿನ ವ್ಯಾನೇ ಬೇಗ ಮುಟ್ಟುವಂತಿತ್ತು. ಅದಕ್ಕೆ ಎಲ್ಲೂ ತಿರುಗಬೇಕಿರಲಿಲ್ಲ. ದಾರಿಯಲ್ಲಿ ಆ ಊಟ ತುಂಬಿಸಿಕೊಳ್ಳಲು ಜಾಗವಾಗಲೆಂದು ನಾನೇ ಕೆಳಗಿಳಿದು ಬಾಟಲಿಗಳನ್ನು ಇಳಿಸಲು ಕೈಹಾಕಿದೆ.

ಸೈಟಿಗೆ ಊಟ ಮುಟ್ಟಿದಾಗ ಎರಡೂವರೆ. ಊಟ ಸಿಕ್ಕಿತು, ಖಲಾಸ್ ಎಂದುಕೊಳ್ಳಬಹುದಿತ್ತು. ಆದರೆ ಉಂಡ ಕೈ ಒಣಗುವ ಮೊದಲೇ ಅವರು ಬಿಸಿಲಿಗೆ ಹೋಗಬೇಕಲ್ಲ! ಫೋರ್‌ಮನ್‌ಗೆ ಫೋನ್ ಮಾಡಿ ಇನ್ನೊಂದು ಗಂಟೆ ಬಿಡಿ ಎಂದೆ. ಅದು ತನ್ನ ಕೈಯಲ್ಲಿಲ್ಲ, ಆಫೀಸಿಗೆ ಕಾರಣ ಹೇಳಬೇಕು ಎಂದ ಆತ ಹಿಂದಿಯಲ್ಲಿ.

"ಕಾರಣ ನಾನು ಬರೆದುಕೊಡುತ್ತೇನೆ," ಎಂದೆ.

ನಮ್ಮ ಮ್ಯಾನೇಜರ್ ಪಕ್ಕಕ್ಕೆ ಬಂದು, "ಟ್ರಾಫಿಕ್ ಅಂತ ಬರೀರಿ, ಸುಮ್ಮನೆ ತಲೆಮೇಲೆ ಎಳ್ಕೊಬೇಡಿ" ಎಂದರು. ಟ್ರಾಫಿಕ್ ಎಂದು ಬರೆದರೆ ನಾಳೆಯೂ ಆ ಪರದೆ ಬೇಲಿ ಹಾರಿಸಿಯೇ ವ್ಯಾನ್ ತೋರಿಸುತ್ತದೆ, ಯಾರೂ ಸರಿ ಮಾಡುವುದಿಲ್ಲ. ಆಗುವುದಿಲ್ಲ ಸಾರ್ ಎಂದೆ. ಪರದೆಯ ಹಕ್ಕಿ ಲೆಕ್ಕ ನಂಬಿ ತಪ್ಪು ವ್ಯಾನ್ ಕಳಿಸಿದ್ದು ನಾನು, ಡ್ರೈವರ್ ಹೇಳಿದರೂ ಕೇಳಲಿಲ್ಲ, ಅದಕ್ಕೇ ಊಟ ತಡವಾಯಿತು ಎಂದು ನನ್ನ ಹೆಸರು ಹಾಕಿ ಸೈಟಿನ ಆಫೀಸಿಗೂ ನಮ್ಮ ಆಫೀಸಿಗೂ ಮೇಲ್ ಕಳಿಸಿದೆ.

ಮೂರು ದಾಟಿದ ಮೇಲೆ ಫೋರ್‌ಮನ್ ತಾನಾಗಿ ಫೋನ್ ಮಾಡಿದ.

"ಆಫೀಸಿನವರು ನಾಲ್ಕಕ್ಕೆ ಶುರು ಮಾಡಿ ಅಂದ್ರು ಮ್ಯಾಡಮ್," ಎಂದ. ಆಮೇಲೆ ದನಿ ತಗ್ಗಿಸಿ, "ಹೇಗೂ ಎಲ್ಲ ಮಲಗಿಬಿಟ್ಟಿದ್ರು. ಮೂರಕ್ಕೆ ನಾನೂ ಎಬ್ಬಿಸಲಿಲ್ಲ."