ಅಜ್ಜಾರು ಕುಂತ ಸೀಟು

ಗುಡ್ನಾಪುರದ ಕೆರೆಯಾಚೆಗಿನ ಆ ಹೆಣ್ಣುಮಗಳ ಹೆಸರು ಗಂಗಾಂಬಿಕಾ. ಪೂರ್ತಿ ಹೆಸರು ಹಿಡಿದು ಕೂಗಿದವರು ಡ್ರೈವಿಂಗ್ ಲೈಸೆನ್ಸ್ ಕೊಟ್ಟ ಆಫೀಸಿನವರು, ಗಾಡಿ ಮಾರಿದ ಶೋರೂಮಿನವರು ಮಾತ್ರ. ಉಳಿದವರಿಗೆಲ್ಲ ಆಕೆ ರೊಟ್ಟಿ ಗಂಗವ್ವ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಡಿಗಳಲ್ಲಿ ಸಿಗುವ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲ ಆಕೆಯ ಮನೆಯವೇ. ಅನ್ನ ಉಣ್ಣುವ ಸೀಮೆಯವರಿಗೆ ರೊಟ್ಟಿ ಮುರಿಯುವುದನ್ನು ಕಲಿಸಿದವಳು ನೀನೇ ಮಾರಾಯ್ತಿ ಎಂದು ಅಂಗಡಿಯವರು ನಗುತ್ತಿದ್ದರು.

ಆಕೆಗೆ ಇದ್ದದ್ದು ಒಂದೇ ಪೀಡೆ, ಕೆರೆ ಏರಿ. ಮನೆಯಿಂದ ಡಾಂಬರು ರಸ್ತೆಗೆ ಬೇರೆ ದಾರಿಯಿಲ್ಲ. ಮಳೆ ಹಿಡಿಯಿತೆಂದರೆ ಏರಿಯ ಜೇಡಿಮಣ್ಣು ಸಾಬೂನಿನಂತೆ ಜಾರುತ್ತದೆ. ಗೂಡ್ಸ್ ಆಟೋದವನು ದೂರದಿಂದಲೇ ಕೈ ಮುಗಿದು ತಿರುಗಿ ಹೋಗುತ್ತಾನೆ. ಆಮೇಲೆ ರೊಟ್ಟಿ ಗಂಟುಗಳಿಗೆ ಪ್ಲಾಸ್ಟಿಕ್ ಸುತ್ತಿ, ಗಂಗವ್ವ ಮತ್ತು ಕೆಲಸದ ಹೊನ್ನಿ ತಲೆಯ ಮೇಲೆ ಹೊತ್ತು ಏರಿ ದಾಟಬೇಕು. ಎಷ್ಟು ಸುತ್ತಿದರೂ ತಂಡಿ ಬಿಡುತ್ತದೆಯೇ? ರೊಟ್ಟಿ ಮೆತ್ತಗಾದರೆ ಅಂಗಡಿಯವರು ಮುಖ ನೋಡದೆ ವಾಪಸು ಕಳಿಸುತ್ತಾರೆ. ಮಳೆಗಾಲವೆಲ್ಲ ಅರ್ಧ ದುಡಿಮೆ ದನಗಳ ಬಾಯಿಗೆ ಹೋಗುತ್ತಿತ್ತು.

ಅದಕ್ಕೇ ಆಕೆ ಕಾರು ಕೊಳ್ಳಲು ಹೊರಟದ್ದು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಶಿರಸಿಯ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಕಾಲೇಜು ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಕಲಿತಳು. ಶೋರೂಮಿನಲ್ಲಿ ಹುಡುಗ ಆಕೆಯ ಗಂಡ ಚಂದ್ರಶೇಖರಪ್ಪನಿಗೆ ಹಾಡಿನ ಪೆಟ್ಟಿಗೆ, ನೆತ್ತಿಯ ಮೇಲೆ ತೆರೆಯುವ ಗಾಜು ಎಂದು ಬಿಡಿಸಿ ಬಿಡಿಸಿ ತೋರಿಸುತ್ತಿದ್ದ. ಗಂಗವ್ವ ನಡುವೆ ಬಾಯಿ ಹಾಕಿದಳು.

"ತಮ್ಮಾ, ನಾಲ್ಕೂ ಗಾಲಿ ಎಳೀತಾವೇನು?"

"ಎಳೀತವೆ ಅಮ್ಮಾ. ಒಂದು ಜಾರಿದ್ರೆ ಉಳಿದವು ಹಿಡ್ಕೊಳ್ತವೆ."

"ಹಂಗಾರ ಇದ ಸಾಕು."

ಗಾಡಿ ಗಂಗಾಂಬಿಕಾ ಹೆಸರಿಗೇ ಆಯಿತು. ದುಡ್ಡು ರೊಟ್ಟಿಯದು, ಬೇರೆ ಯಾರ ಹೆಸರಿಗೆ ಆಗಬೇಕಿತ್ತು?

ಗಾಡಿ ಅಂಗಳಕ್ಕೆ ಬಂದ ದಿನ ಆಕೆ ಸ್ಟೇರಿಂಗಿನ ಮುಂದೆ ಕೂತು, ಕನ್ನಡಿ ತಿರುವಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಡ ಬಾಗಿಲು ತೆಗೆದ.

"ಇಳಿ ಇಳಿ. ಮೊದಲ ಅಜ್ಜಾರ ಪಾದ ಬೀಳ್ಲಿ. ಉಳಿದದ್ದು ಆಮ್ಯಾಲೆ."

ಅದು ಅವರ ಮನೆತನದ ಪದ್ಧತಿ. ಮನೆಗೆ ಏನೇ ಹೊಸ ಗಾಡಿ ಬರಲಿ, ಮೊದಲು ಮಠದ ಅಜ್ಜಾರನ್ನು, ಅಂದರೆ ಸ್ವಾಮಿಗಳನ್ನು, ಕೂರಿಸಿಕೊಂಡು ಒಂದು ಸುತ್ತು ಬರಬೇಕು. ಗಂಗವ್ವ ಇಳಿದಳು. ಟ್ರ್ಯಾಕ್ಟರ್ ಓಡಿಸಿ ರೂಢಿಯಿದ್ದ ಚಂದ್ರಶೇಖರಪ್ಪನೇ ಓಡಿಸಿದ. ಮಠದಲ್ಲಿ ಅಜ್ಜಾರು ಮುಂದೆ ಗಂಡನ ಪಕ್ಕ ಕೂತರು. ಹಣ್ಣುಕಾಯಿಯ ತಟ್ಟೆ ಹಿಡಿದು ಈಕೆ ಹಿಂದೆ ಕೂತಳು. ಪಾಪ, ಅಜ್ಜಾರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು.

"ಗಾಡಿ ಚಲೋ ಐತೋ. ಯಾರದಿದು?"

"ನಂದ ರೀ, ಅಜ್ಜಾರ," ಎಂದ ಚಂದ್ರಶೇಖರಪ್ಪ.

ನಾಚಿಕೆಯಾಗಬೇಡವೇ ಬಾಯಿಗೆ? ಗಂಗವ್ವ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗುರುಗಳ ಮುಂದೆ ಗಂಡನನ್ನು ಸುಳ್ಳುಗಾರ ಮಾಡುವುದಾದರೂ ಹೇಗೆ ಎಂದು ಸುಮ್ಮನಾದಳು. ಅವತ್ತು ಸುಮ್ಮನಾದದ್ದೇ ತಪ್ಪಾಯಿತು.

ಮನೆಗೆ ಬಂದವನೇ ಚಂದ್ರಶೇಖರಪ್ಪ ಆ ಸೀಟಿನ ಮೇಲೆ ಕಾವಿ ಶಾಲು ಹಾಸಿದ. ಅಜ್ಜಾರು ಕುಂತ ಸೀಟು, ಅಲ್ಲಿ ಯಾರೂ ಕೂರುವಂತಿಲ್ಲ. ಮರುದಿನ ಗಂಗವ್ವ ಚಟ್ನಿಪುಡಿಯ ಡಬ್ಬ ತಂದಾಗ ಕಣ್ಣು ಕೆಂಪಗೆ ಮಾಡಿದ. "ಅಜ್ಜಾರು ಕುಂತ ಗಾಡ್ಯಾಗ ಬಳ್ಳೊಳ್ಳಿ ನಾತ ಮಾಡ್ತಿಯಾ?" ಕೀಲಿ ಕೇಳಿದರೆ, "ಆ ಸೀಟಿನ ಮಗ್ಗಲಿಗೆ ಹೆಣ್ಮಗಳು ಕುಂತು ಗಾಡಿ ಹೊಡದ್ರ ಮಂದಿ ಏನಂದಾರು?" ಎಂದ. ಮೈಲಿಗೆ ಎಂಬುದನ್ನೇ ಒಪ್ಪದ ಧರ್ಮದವರ ಮನೆಯಲ್ಲಿ ಒಂದು ಕಾರಿನ ಸೀಟಿಗೆ ಮಡಿ ಹುಟ್ಟಿತು ನೋಡಿ!

ಚಂದ್ರಶೇಖರಪ್ಪ ಮದುವೆಗೆ ಹೋದ, ಸೊಸೈಟಿಯ ಮೀಟಿಂಗಿಗೆ ಹೋದ, ಕೆಲಸವಿಲ್ಲದಿದ್ದರೆ ಚಹ ಕುಡಿಯಲು ಬನವಾಸಿಗೆ ಹೋದ. ಗಾಡಿ ಹ್ಯಾಂಗೈತಿ ಎಂದು ಊರೆಲ್ಲ ಅವನನ್ನೇ ಕೇಳಿತು. "ಬೆಣ್ಣ್ಯಾಗ ಹೋದಂಗ ಹೊಕ್ಕೈತಿ" ಎಂದು ಅವನು ಮೀಸೆ ನೀವಿಕೊಂಡ.

ಶ್ರಾವಣದಲ್ಲಿ ಯಲ್ಲಾಪುರದಿಂದ ಒಂದು ಮದುವೆಯ ಆರ್ಡರ್ ಬಂತು. ಅಷ್ಟು ದೊಡ್ಡದು ಹಿಂದೆಂದೂ ಬಂದಿರಲಿಲ್ಲ. ರೊಟ್ಟಿ ಚಲೋ ಇದ್ದರೆ ಮುಂದಿನ ಮದುವೆಗಳೂ ನಿಮಗೇ ಎಂದಿದ್ದರು. ಅವತ್ತು ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಗಂಗವ್ವ ಎಂದೂ ಇಲ್ಲದಂತೆ ಗಂಡನ ಮುಂದೆ ಗೋಗರೆದಳು.

"ಇವತ್ತೊಂದಿನ ಗಾಡಿ ಬಿಡ್ರಿ. ಹಿಂದ ಡಿಕ್ಕ್ಯಾಗ ಇಡ್ತೀನಿ, ಶಾಲಿಗೆ ಕೈ ಸೈತ ಹಚ್ಚಂಗಿಲ್ಲ. ನಾ ಓಡಸೋದು ಬ್ಯಾಡ, ನೀವ ಓಡಸ್ರಿ."

"ಗೆಳ್ಯಾರಿಗೆ ಮಾತು ಕೊಟ್ಟೀನಿ. ಸೋಂದಾ ಮಠ ನೋಡಿ ಬರ್ತೀವಿ. ಇಷ್ಟು ವರ್ಷ ಗಾಡಿ ಇತ್ತೇನು ನಿನಗ?" ಎಂದು ಹೊರಟೇಬಿಟ್ಟ.

ಮಧ್ಯಾಹ್ನದವರೆಗೆ ಕಾದು, ಗಂಗವ್ವ ಮತ್ತು ಹೊನ್ನಿ ಗಂಟು ಹೊತ್ತರು. ಏರಿಯ ನಟ್ಟನಡುವೆ ಬಂದಾಗ ಎದುರಿಗೆ ಗಾಡಿ ಬಂತು. ಇಬ್ಬರೂ ದಂಡೆಯ ಹುಲ್ಲಿಗೆ ಸರಿದು ನಿಂತರು. ಆಟೋ ಇರಲಿ, ಎತ್ತೂ ಕಾಲೂರಲು ಹೆದರುವ ಆ ಕೆಸರಿನಲ್ಲಿ ಗಾಡಿ ಚೂರೂ ವಾಲಾಡದೆ, ನಿಧಾನವಾಗಿ, ಗಟ್ಟಿಯಾಗಿ ಮುಂದೆ ಬಂತು. ಹುಡುಗ ಹೇಳಿದ್ದು ಸುಳ್ಳಲ್ಲ. ಒಂದು ಗಳಿಗೆ ಎಲ್ಲ ಮರೆತು ಆಕೆಗೆ ಹಿಗ್ಗಾಯಿತು. ಚಂದ್ರಶೇಖರಪ್ಪ ಗಾಜು ಇಳಿಸಿದ. ಹಿಂದೆ ಗೆಳೆಯರು ಒತ್ತೊತ್ತಾಗಿ ಕೂತಿದ್ದರು. ಮುಂದಿನ ಸೀಟಿನಲ್ಲಿ ಶಾಲು ಒಂದೇ.

"ನೋಡಿದ್ಯಾ ಗಂಗಾ, ಹ್ಯಾಂಗ ಎಳೀತೈತಿ!"

ಗಾಜು ಏರಿತು. ಗಾಡಿ ಮನೆಯ ಕಡೆ ಹೋಯಿತು. ಗಾಲಿಯ ಕೆಸರು ಹಾರಿ ಹೊನ್ನಿಯ ಗಂಟಿಗೆ ಬಡಿಯಿತು.

"ಅಮಾ, ಅದು ನಿಮ್ಮ ಗಾಡಿನೇ ಅಲ್ದಾ?" ಎಂದಳು ಹೊನ್ನಿ.

ಗಂಗವ್ವ ಅವಳ ಗಂಟಿನ ಕೆಸರನ್ನು ಸೆರಗಿನಿಂದ ಒರೆಸಿ ಮುಂದೆ ನಡೆದಳು. ಯಲ್ಲಾಪುರ ಮುಟ್ಟುವ ಹೊತ್ತಿಗೆ ರೊಟ್ಟಿ ಮೆತ್ತಗಾಗಿದ್ದವು. ಮದುವೆ ಮನೆಯವರು ಒಂದನ್ನು ಬಾಗಿಸಿ ನೋಡಿ, ಗಂಟನ್ನು ಹಾಗೇ ಹಿಂದಕ್ಕೆ ತಳ್ಳಿದರು. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಮರುದಿನ ಒಲೆಯ ಮುಂದೆ ಕೂತಿದ್ದಾಗ ಫೋನು ಬಂತು. ಗಂಗವ್ವನ ಕೈ ಹಿಟ್ಟಾಗಿತ್ತು. ಹೊನ್ನಿ ಸ್ಪೀಕರ್ ಹಾಕಿ ಹಿಡಿದಳು.

"ಗಂಗಾಂಬಿಕಾ ಮೇಡಂ ಅವರಾ? ನಾನು ಶೋರೂಮಿಂದ ದಿವ್ಯಾ ಮಾತಾಡೋದು. ಹೊಸ ಗಾಡಿ ಹೇಗಿದೆ ಮೇಡಂ? ನಿಮ್ಮ ಅನುಭವ ಕೇಳೋಣ ಅಂತ."

ಅಂಗಳದಲ್ಲಿ ಗಾಡಿಯ ಗಾಜು ಒರೆಸುತ್ತಿದ್ದ ಚಂದ್ರಶೇಖರಪ್ಪ ಬಟ್ಟೆ ಹಿಡಿದುಕೊಂಡೇ ಒಳಗೆ ಓಡಿ ಬಂದ. "ಚಲೋ ಐತಿ ಅನ್ನು! ಬೆಣ್ಣಿ ಅನ್ನು!"

"ಓಡಿಸೋಕೆ ಹೇಗಿದೆ ಮೇಡಂ? ಕೆಸರಲ್ಲಿ ಗ್ರಿಪ್ ಸಿಗ್ತಾ ಇದೆಯಾ?"

"ಸಿಗತೈತವ್ವ. ದಂಡಿಗೆ ನಿಂತು ನೋಡೀನಿ."

"ಅರ್ಥ ಆಗ್ಲಿಲ್ಲ ಮೇಡಂ."

"ತಲಿ ಮ್ಯಾಲೆ ರೊಟ್ಟಿ ಗಂಟಿತ್ತು, ಸರದು ನಿಂತಿದ್ದೆ. ಮುಂದ ಹಾದು ಹೋತು. ಒಂದೀಟೂ ಜಾರ್ಲಿಲ್ಲ."

ಆ ಕಡೆಯ ಹುಡುಗಿಗಾದರೂ ಏನು ತಿಳಿಯಬೇಕು? ಕೊನೆಗೆ ಕೇಳಲೇಬೇಕಾದ್ದನ್ನು ಕೇಳಿದಳು.

"ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಮೇಡಂ?"

ಗಂಗವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಕಣ್ಣು ತುಂಬಿದ್ದು ಹೊಗೆಗಲ್ಲ ಎಂದು ಹೊನ್ನಿಗೆ ಗೊತ್ತಿತ್ತು.

"ಹತ್ತೂ ಹಾಕವ್ವ. ಗಾಡಿದೇನು ತಪ್ಪೈತಿ?"

ಚಂದ್ರಶೇಖರಪ್ಪನ ಮುಖ ಅರಳಿತು. "ಕೇಳಿದ್ಯಾ ಹೊನ್ನಿ, ಹತ್ತಕ್ಕ ಹತ್ತು!" ಎಂದವನು, ಗೆಳೆಯರಿಗೆ ಈ ಸುದ್ದಿ ಹೇಳಲು ಕೀಲಿ ತೆಗೆದುಕೊಂಡು ಹೊರಟ.