ಆರಡಿ ಗಳದ ಕಲ್ಲೇಶಪ್ಪ

ಹಳೇಬೀಡಿನ ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕೆರೆಯ ಹಿಂದಿನ ಹೊಲದಲ್ಲಿ ಐವತ್ತು ದಾಟಿದ ಒಬ್ಬರು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಪಂಚೆ ಮೊಣಕಾಲಿನ ಮೇಲಕ್ಕೆ ಕಟ್ಟಿದೆ, ತಲೆಗೆ ಟವೆಲು ಸುತ್ತಿದೆ. ಎರಡೂ ಕೈಯಲ್ಲಿ ಒಂದು ಬಿದಿರು ಗಳವನ್ನು ಎದೆಗೆ ಅಡ್ಡವಾಗಿ ಹಿಡಿದಿದ್ದಾರೆ. ಹೊಲದ ತುದಿ ಮುಟ್ಟಿದಾಗ ಗಳ ಬೇಲಿಗೆ ತಗಲದ ಹಾಗೆ ನಿಧಾನವಾಗಿ ತಿರುಗಿ, ಬಂದ ದಾರಿಯ ಪಕ್ಕದಲ್ಲೇ ವಾಪಸು ಬರುತ್ತಾರೆ. ಹಾಲು ಹೊತ್ತು ಸಾಗುವ ಹೆಂಗಸರು ನಿಂತು, "ಟ್ರಾಕ್ಟರು ಬಂತು, ದಾರಿ ಬಿಡ್ರೇ" ಎಂದು ನಗುತ್ತಾರೆ. ನಡೆಯುವವರು ನಗುವುದಿಲ್ಲ, ಸಿಟ್ಟೂ ಮಾಡಿಕೊಳ್ಳುವುದಿಲ್ಲ. ಹೆಜ್ಜೆ ತಪ್ಪಿದರೆ ಲೆಕ್ಕ ತಪ್ಪುತ್ತದೆ.

ಹೆಂಗಸರು ಹೇಳುವುದೂ ಸುಳ್ಳೇನಲ್ಲ. ಈ ಹೊಲಕ್ಕೆ ಇನ್ನೂ ಬರದ ಟ್ರಾಕ್ಟರಿನ ಬದಲು ಹಾರನಹಳ್ಳಿಯ ಕಲ್ಲೇಶಪ್ಪ ತಾವೇ ಟ್ರಾಕ್ಟರಾಗಿ ಸುತ್ತುತ್ತಿದ್ದಾರೆ. ಹೆಸರು ಬರೆಸಿ ಮೂರು ವರ್ಷ ಕಾದ ಮೇಲೆ ಒಂದು ಟ್ರಾಕ್ಟರು ಸಿಗುವ ಕಾಲವಿದು. ಸರದಿ ಬಂದಾಗ ಅರಸೀಕೆರೆಯ ಬುಕಿಂಗ್ ಆಫೀಸಿನಿಂದ ಕಾಗದ ಬರುತ್ತದೆ: ಎಷ್ಟು ಅಶ್ವಶಕ್ತಿಯ ಗಾಡಿ ಬೇಕು, ಹದಿನೈದು ದಿನದೊಳಗೆ ಬಂದು ತಿಳಿಸಿ. ಒಮ್ಮೆ ಬರೆದುಕೊಟ್ಟರೆ ಮುಗಿಯಿತು, ಬದಲಾಯಿಸುವ ಮಾತೇ ಇಲ್ಲ. ಆ ಹದಿನೈದು ದಿನದಲ್ಲಿ ಅರಸೀಕೆರೆ, ಬೇಲೂರು ಸೀಮೆಯ ಸಣ್ಣ ರೈತರು ಕಲ್ಲೇಶಪ್ಪನವರನ್ನು ಹುಡುಕಿಕೊಂಡು ಬರುತ್ತಾರೆ.

ಇವತ್ತಿನ ಹೊಲ ಹುಚ್ಚಮ್ಮನವರದು. ಗಂಡ ತೀರಿಕೊಂಡು ಐದು ವರ್ಷವಾಯಿತು. ಒಂಬತ್ತೆಕರೆ ಬೇಸಾಯವೆಲ್ಲ ಈಕೆಯ ತಲೆಯ ಮೇಲೇ ಇದೆ. ಪಕ್ಕದ ಹೊಲದವರು ಐವತ್ತು ಅಶ್ವಶಕ್ತಿಯ ಗಾಡಿ ತಂದಾಗಿನಿಂದ ಈಕೆಗೂ ಅದೇ ಬೇಕೆಂದು ಹಟ.

"ಕೊಳ್ಳೋದೇ ಕೊಳ್ತೀವಿ, ದೊಡ್ಡದೇ ಇರ್ಲಿ ಬಿಡು ಕಲ್ಲೇಶಪ್ಪ. ಆ ಪಕ್ಕದೋನು ನೋಡು, ಹೆಂಗೆ ಮೀಸೆ ತಿರುವ್ಕೊಂಡು ಓಡಾಡ್ತಾನೆ."

ಕಲ್ಲೇಶಪ್ಪ ವಾದಕ್ಕೆ ಇಳಿಯುವುದಿಲ್ಲ. ಬೇಲಿಗೆ ಒರಗಿಸಿದ್ದ ಇನ್ನೊಂದು ಉದ್ದನೆಯ ಗಳ ಎತ್ತಿ ಆಕೆಯ ಕೈಗೆ ಕೊಡುತ್ತಾರೆ. ಅವರ ಬಳಿ ಇರುವುದು ಎರಡೇ ಗಳ. ಆರಡಿಯದು ಮೂವತ್ತೈದು ಅಶ್ವಶಕ್ತಿಯ ಗಾಡಿ ತನ್ನ ನೇಗಿಲು ಸಮೇತ ಹಿಡಿಯುವ ಅಗಲ; ಎಂಟಡಿಯದು ಐವತ್ತರ ಗಾಡಿಯ ಅಗಲ. "ಊರಿಂದ ಹೊಲಕ್ಕೆ ಬರೋ ಓಣೀಲಿ ಇದನ್ನ ಅಡ್ಡ ಹಿಡ್ಕೊಂಡು ಒಂದ್ಸಲ ಬನ್ನಿ ನೋಡಾನ," ಅನ್ನುತ್ತಾರೆ. ಹುಚ್ಚಮ್ಮ ಗೊಣಗುತ್ತಲೇ ಹೋಗುತ್ತಾರೆ. ಎರಡೂ ಕಡೆ ಕಲ್ಲು ಪೌಳಿಯಿರುವ ಓಣಿ. ಇಪ್ಪತ್ತು ಹೆಜ್ಜೆ ಇಡುವಷ್ಟರಲ್ಲಿ ಗಳದ ಎರಡು ತುದಿಯೂ ಕಲ್ಲಿಗೆ ಸಿಕ್ಕಿ ಆಕೆ ಅಲ್ಲೇ ನಿಂತುಬಿಡುತ್ತಾರೆ.

"ಗಾಡೀನ ತಲೆ ಮೇಲೆ ಹೊತ್ಕಂಡು ಬತ್ತೀರೇನಮ್ಮ ಮತ್ತೆ?"

ಹುಚ್ಚಮ್ಮನಿಗೆ ನಗು ತಡೆಯುವುದಿಲ್ಲ. ಆಮೇಲೆ ಕಲ್ಲೇಶಪ್ಪ ಕೆರೆ ಕಡೆಯ ತಗ್ಗಿನಲ್ಲಿ ಹಾರೆಯನ್ನು ಬರೀ ಕೈಯಿಂದ ಒತ್ತಿ ತೋರಿಸುತ್ತಾರೆ. ಹಾರೆ ಗೇಣುದ್ದ ಇಳಿಯುತ್ತದೆ. ಇಪ್ಪತ್ತು ಮೂಟೆ ರಾಗಿಯಷ್ಟು ಭಾರದ ಗಾಡಿ ಇಲ್ಲಿ ಇಳಿದರೆ ಅದನ್ನು ಎಳೆಯಲು ಮತ್ತೆ ಎತ್ತೇ ಕಟ್ಟಬೇಕು. ಹಾಗಾದರೆ ಇಪ್ಪತ್ತು ಅಶ್ವಶಕ್ತಿಯ ಪುಟ್ಟದು ಸಾಕಲ್ಲ ಎಂದು ಹುಚ್ಚಮ್ಮ ಒಂದೇ ಸಲಕ್ಕೆ ಇನ್ನೊಂದು ತುದಿಗೆ ಜಿಗಿಯುತ್ತಾರೆ.

"ಅದೂ ಬ್ಯಾಡ. ನಿಮ್ಮ ಮೇಲಿನ ಹೊಲ ಕೆಂಪು ಮಣ್ಣು, ಬೇಸಗೇಲಿ ಕಲ್ಲಾಗಿಬಿಡ್ತದೆ. ಪುಟ್ಟ ಗಾಡಿ ಅಲ್ಲಿ ಏದುಸಿರು ಬಿಟ್ಕಂಡು ನಿಂತ್ಕತದೆ. ಮೂವತ್ತೈದರದು ಬರೆಸಿ. ಹೊಲಾನೂ ಉಳ್ತದೆ, ಆಲೂಗೆಡ್ಡೆ ತುಂಬ್ಕಂಡು ಬೇಲೂರು ಸಂತೆಗೂ ಹೋಯ್ತದೆ."

ಹೊಲದ ಬದುವಿನ ಮೇಲೆ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುವಾಗ ಹುಚ್ಚಮ್ಮ ಕೇಳಬಾರದ್ದನ್ನು ಕೇಳಿಬಿಡುತ್ತಾರೆ. "ಊರೋರ ಹೊಲಾನೆಲ್ಲ ನಡೆದು ನೋಡ್ತೀಯ. ನಿಮ್ಮಣ್ಣಂಗೂ ಕಾಗದ ಬಂದೈತಂತಲ್ಲ, ಅವರ ತೋಟ ಯಾರು ನೋಡಿದ್ರು?"

ಕಲ್ಲೇಶಪ್ಪನವರ ಕೈ ರೊಟ್ಟಿಯ ಮೇಲೇ ನಿಲ್ಲುತ್ತದೆ.

"ಶನಿವಾರ ಕಡೇ ದಿನ. ಇನ್ನೂ ಕರೆದಿಲ್ಲ."

"ಕರೀದಿದ್ರೆ ನೀನೇ ಹೋಗಪ್ಪ."

"ಬರಬ್ಯಾಡ ಅಂದವನೆ. ಏಳು ವರ್ಷ ಆಯ್ತು ಕಣಮ್ಮ."

ಹುಚ್ಚಮ್ಮ ಇನ್ನೊಂದು ರೊಟ್ಟಿ ಹಾಕುತ್ತಾರೆ, ಕಲ್ಲೇಶಪ್ಪ ಬೇಡವೆನ್ನುತ್ತಾರೆ.

ಗಂಗಾಧರಪ್ಪ, ಕಲ್ಲೇಶಪ್ಪ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣ ತಮ್ಮ. ಹಾರನಹಳ್ಳಿಯಲ್ಲಿ ಅಪ್ಪ ನೆಟ್ಟ ಆರೆಕರೆ ತೆಂಗಿನ ತೋಟ, ಎಂಟೆಕರೆ ರಾಗಿ ಹೊಲ. ತೋಟ ಅಣ್ಣನದಾದರೆ ಎತ್ತು ತಮ್ಮನದು. ಸುಳಿ ನೋಡಿ, ಹಲ್ಲು ನೋಡಿ, ಎದೆಯ ಅಗಲ ನೋಡಿ ಜೋಡಿ ಆರಿಸುವುದರಲ್ಲಿ ಕಲ್ಲೇಶಪ್ಪನವರ ಕಣ್ಣು ತಪ್ಪುತ್ತಿರಲಿಲ್ಲ. ಮದುವೆಯಾದ ವರ್ಷವೇ ಹೆಂಡತಿ ಜ್ವರದಲ್ಲಿ ಹೋದರು. ಮತ್ತೆ ಮದುವೆಯ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣ, ಅತ್ತಿಗೆ, ಕೊಟ್ಟಿಗೆ ತುಂಬ ಎತ್ತು. ಇನ್ನೇನು ಬೇಕು ಅನ್ನಿಸಿತ್ತಂತೆ.

೧೯೫೯ರಲ್ಲಿ ಅಣ್ಣನಿಗೆ ಟ್ರಾಕ್ಟರು ಕೊಳ್ಳುವ ಮನಸ್ಸಾಯಿತು. ಆರಿಸುವುದು ಯಾರೆಂಬ ಮಾತೇ ಬರಲಿಲ್ಲ. "ನೀನು ನೋಡಿ ಹೂಂ ಅಂದ್ರೆ ಸೈ" ಎಂದು ಗಂಗಾಧರಪ್ಪ ತಮ್ಮನನ್ನು ಕರೆದುಕೊಂಡು ಹೋದರು. ಆಗಿನ್ನೂ ಸರದಿಯ ಕಾಟವಿರಲಿಲ್ಲ; ಅಂಗಡಿಯಲ್ಲಿ ಎರಡು ಗಾಡಿ ನಿಂತಿದ್ದವು. ಎತ್ತಿನ ಸುತ್ತ ಸುತ್ತುವ ಹಾಗೆಯೇ ಕಲ್ಲೇಶಪ್ಪ ಅವುಗಳ ಸುತ್ತ ಸುತ್ತಿದರು; ಮುಂದೆ ನಿಂತರು, ಹಿಂದೆ ನಿಂತರು, ಮೈ ಸವರಿದರು. ಕೇಳಿದವರಿಗೆ ಈಗ ಅವರೇ ಹೇಳುತ್ತಾರೆ:

"ಎತ್ತಾದ್ರೆ ಎದೆ ಅಗಲ ಇದ್ದಷ್ಟೂ ಒಳ್ಳೇದು. ಅದೇ ಕಣ್ಣಲ್ಲಿ ನೋಡಿದೆ. ಅಣ್ಣ, ಐವತ್ತರದೇ ತಗಳಾನ ಅಂದೆ. ತೋಟ ಅಳೀಬೇಕು ಅಂತ ಹೊಳೀಲೇ ಇಲ್ಲ. ಎತ್ತು ಕೊಳ್ಳೋನು ಯಾರು ಸ್ವಾಮಿ ತೋಟ ಅಳೀತಾನೆ?"

ಮೊದಲ ದಿನ ತೋಟ ಉತ್ತವರೂ ಅವರೇ. ಸಾಲಿಗೂ ಸಾಲಿಗೂ ಹದಿನೆಂಟಡಿ ಇದ್ದ ಹಳೇ ತೋಟ. ಎಂಟಡಿಯ ನೇಗಿಲು ಒಂದಡಿ ಆಳಕ್ಕೆ ಇಳಿದು ಮರದ ಬುಡದ ತನಕ ಹೋಯಿತು. ಆರೆಕರೆ ಒಂದೇ ಹಗಲಿಗೆ ಮುಗಿದಾಗ ಊರೇ ಬಂದು ನೋಡಿತು, ಕಲ್ಲೇಶಪ್ಪ ಸೀಟಿನ ಮೇಲೆ ಎದೆ ಉಬ್ಬಿಸಿ ಕೂತಿದ್ದರು. ನೇಗಿಲಿನ ಕೆಳಗೆ ಟಕ್ ಟಕ್ ಅಂತ ಸದ್ದು ಬರುತ್ತಲೇ ಇತ್ತು.

"ಕಲ್ಲು ಅಂದ್ಕಂಡೆ. ನಮ್ ತೋಟದಾಗೆ ಕಲ್ಲು ಜಾಸ್ತಿ. ಬೇರು ಸ್ವಾಮಿ ಅದು. ಬೇರು ಕಡೀತಿದ್ದೆ, ನಗ್ತಾ ನಗ್ತಾ ಕಡೀತಿದ್ದೆ."

ಆ ಬೇಸಗೆಗೆ ಹೀಚು ಉದುರತೊಡಗಿತು. ಮರುವರ್ಷ ಮೂವತ್ತೊಂದು ಮರದ ಸುಳಿ ಒಣಗಿತು. ಅಪ್ಪ ಕಾವಡಿಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು. ಗಂಗಾಧರಪ್ಪ ಕೂಗಾಡಲಿಲ್ಲ, ಅದೇ ಕಲ್ಲೇಶಪ್ಪನವರಿಗೆ ತಡೆಯಲಾಗದ್ದು. ಗಾಡಿಯನ್ನು ಮಾರಿದರು, ಮತ್ತೆ ಎತ್ತು ಕಟ್ಟಿದರು. ಒಂದು ಬೆಳಿಗ್ಗೆ ಒಣಗಿದ್ದರಲ್ಲಿ ಕೊನೆಯ ಮರ ಕಡಿಸಿ ಬಂದು, ತಮ್ಮನ ಮುಖ ನೋಡದೆ, "ಇನ್ನು ನೀನು ತೋಟಕ್ಕೆ ಬರಬ್ಯಾಡ" ಅಂದರು. ತೋಟಕ್ಕೆ ಮಾತ್ರ ಬೇಡ ಅಂದದ್ದು; ಮನೆ ಬಿಟ್ಟು ಹೋಗು ಅನ್ನಲಿಲ್ಲ. ಆದರೆ ತೋಟಕ್ಕೆ ಹೋಗದವನು ಆ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಉಣ್ಣುವುದು? ವಾರದೊಳಗೆ ಕಲ್ಲೇಶಪ್ಪ ಒಂದು ಟ್ರಂಕು ಹಿಡಿದು ಅರಸೀಕೆರೆಗೆ ಬಂದರು.

ಈಗ ಅವರಿರುವುದು ರೈಲ್ವೆ ಗೇಟಿನ ಹತ್ತಿರದ ಒಂದು ರಿಪೇರಿ ಶೆಡ್ಡಿನ ಹಿಂದಿನ ಕೋಣೆಯಲ್ಲಿ. ಅಲ್ಲಿಗೆ ಬರುವ ಟ್ರಾಕ್ಟರುಗಳ ಅಗಲ, ತೂಕ, ತಿರುವು ಎಲ್ಲವನ್ನೂ ಎರಡು ವರ್ಷ ಕೂತು ಅಳೆದು ಕಲಿತರು. ಆಮೇಲೆ ಗಳ ಕಡಿದುಕೊಂಡರು. ಅಲ್ಲಿಂದೀಚಿನ ಐದು ವರ್ಷದಲ್ಲಿ ಇನ್ನೂರ ಹನ್ನೆರಡು ಹೊಲ ನಡೆದಿದ್ದಾರೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳಿವೆ. ಒಂದೊಂದು ಹೊಲಕ್ಕೂ ಐದಾರು ಮೈಲಿ ನಡಿಗೆ. ತೆಂಗಿನ ತೋಟವಾದರೆ ಇನ್ನೊಂದು ಕೆಲಸ ಹೆಚ್ಚು: ಮರದ ಬುಡಕ್ಕೆ ಪಾದ ಒತ್ತಿ ನೆಲದ ಮೇಲೆ ಅಂಗಾತ ಮಲಗುತ್ತಾರೆ, ನೆತ್ತಿ ಬಂದ ಕಡೆ ಒಂದು ಕಲ್ಲಿಡುತ್ತಾರೆ. ಅಷ್ಟೂ ಬೇರಿನ ಜಾಗ; ಆ ಕಲ್ಲು ದಾಟಿ ಮರದ ಕಡೆಗೆ ನೇಗಿಲು ಬರಕೂಡದು. ಎರಡು ಮರದ ಕಲ್ಲುಗಳ ನಡುವೆ ಗಳ ಸಲೀಸಾಗಿ ಹೋದರೆ ಮಾತ್ರ ಆ ಗಾಡಿಗೆ ಹೂಂ ಅನ್ನುತ್ತಾರೆ. ತೆಗೆದುಕೊಳ್ಳುವುದು ಬಸ್ಸಿನ ಚಾರ್ಜು, ಒಂದು ಹೊತ್ತಿನ ಊಟ.

ಊಟ ಸಿಗದ ದಿನ ತಾವೇ ಮುದ್ದೆ ಕೂಡಿಸುತ್ತಾರೆ. ಎಷ್ಟು ಸಣ್ಣ ಪಾತ್ರೆ ಇಟ್ಟರೂ ಎರಡು ಮುದ್ದೆ ಆಗಿಬಿಡುತ್ತದೆಯಂತೆ. ಇನ್ನೊಂದನ್ನು ಏನು ಮಾಡುತ್ತೀರಿ ಎಂದರೆ ಮಾಲೇಕಲ್ಲು ಬೆಟ್ಟ ಕಾಣುವ ಕಿಟಕಿಯ ಕಡೆ ತಿರುಗಿ ಬೀಡಿ ಹಚ್ಚುತ್ತಾರೆ.

ಗುರುವಾರ ಹೊತ್ತು ಇಳಿಯುವಾಗ ಕಲ್ಲೇಶಪ್ಪ ಹಾರನಹಳ್ಳಿಯ ಬಸ್ಸು ಹತ್ತುತ್ತಾರೆ. ಕೈಯಲ್ಲಿ ಆರಡಿ ಗಳ ಮಾತ್ರ. ಅದರ ಮೇಲೆ ಚಾಕುವಿನಿಂದ ಎರಡು ಕಚ್ಚು ಹಾಕಿದ್ದಾರೆ, ನಡುವೆ ಐದಡಿ. ಹಿಂದಿನ ಚಕ್ರಗಳನ್ನು ಐದಡಿಯ ಅಂತರಕ್ಕೆ ಕೂರಿಸಿದರೆ ಅಣ್ಣನ ತೋಟಕ್ಕೆ ಸರಿ. ಆ ತೋಟ ಅಳೆಯಲು ಅವರು ಒಳಗೆ ಹೋಗಬೇಕಿಲ್ಲ. ಕಣ್ಣು ಮುಚ್ಚಿದರೆ ಒಂದೊಂದು ಮರವೂ ನಿಂತಲ್ಲೇ ನಿಂತಿರುತ್ತದೆ, ಇಲ್ಲದ ಮೂವತ್ತೊಂದು ಸಮೇತ.

ತೋಟದ ತಡಿಕೆಗೆ ಗಳ ಒರಗಿಸುವಾಗ ಅತ್ತಿಗೆ ಗುರುಸಿದ್ದಮ್ಮ ಸೋಗೆ ಎಳೆದುಕೊಂಡು ಬರುತ್ತಿರುತ್ತಾರೆ.

"ಆಚೆ ಯಾಕೆ ನಿಂತೆ ಕಲ್ಲೇಶಪ್ಪ, ಒಳಗೆ ಬಾರಪ್ಪ."

"ಕರೆಯೋರು ನೀವಲ್ಲ ಅತ್ತಿಗೆ."

"ಅವರು ಹೊಲದ ಕಡೆ ಹೋಗವ್ರೆ. ಏನು ಹೇಳ್ಲಿ?"

"ಏನೂ ಬ್ಯಾಡ. ಇದೊಂದು ಇಲ್ಲಿರ್ಲಿ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕಲ್ಲೇಶಪ್ಪ ತಿರುಗಿ ನೋಡದೆ ಬಸ್ಸಿನ ದಾರಿ ಹಿಡಿಯುತ್ತಾರೆ. ಅಣ್ಣ ಗಳವನ್ನು ಮುರಿದು ಒಲೆಗೆ ಹಾಕಿದರೆ? ಜಂಬದಿಂದ ಮತ್ತೆ ಐವತ್ತರದನ್ನೇ ಬರೆಸಿದರೆ? ಉಳಿದ ಮರಗಳ ಗತಿ? ಶುಕ್ರವಾರ, ಮೊದಲೇ ಒಪ್ಪಿಕೊಂಡಿದ್ದ ಒಂದು ಹೊಲಕ್ಕೂ ಅವರು ಹೋಗುವುದಿಲ್ಲ.

ಶನಿವಾರ ಮಧ್ಯಾಹ್ನ ಬುಕಿಂಗ್ ಆಫೀಸು ಮುಚ್ಚುವ ಹೊತ್ತಿಗೆ ಕಲ್ಲೇಶಪ್ಪ ಬಾಗಿಲ ಹತ್ತಿರ ನಿಂತಿದ್ದಾರೆ. ಗುಮಾಸ್ತ ಸಂಪತ್ಕುಮಾರ್ ಅವರೇ ಕನ್ನಡಕದ ಮೇಲಿಂದ ನೋಡಿ ಕರೆಯುತ್ತಾರೆ.

"ಬನ್ನಿ ಕಲ್ಲೇಶಪ್ಪನೋರೆ. ಹಾರನಹಳ್ಳಿ ಗಂಗಾಧರಪ್ಪನೋರು ಬೆಳಿಗ್ಗೆನೇ ಬಂದು ಹೋದ್ರು. ಮೂವತ್ತೈದರದು ಬರೆಸಿದ್ರು. ಒಂದು ಬಿದಿರು ಗಳ ತಂದು ಈ ಮೇಜಿನ ಮೇಲಿಟ್ಟು, ಹಿಂದಿನ ಚಕ್ರ ಈ ಕಚ್ಚಿಗೆ ಸರಿಯಾಗಿ ಕೂರಿಸಿ ಕೊಡಬೇಕು ಅಂದ್ರು. ಪಾಪ, ಬೆನ್ನ ಮೇಲೆಲ್ಲ ಮಣ್ಣು. ಎಲ್ಲಿ ಮಲಗೆದ್ದು ಬಂದಿದ್ರೋ ಏನೋ."

ಕಲ್ಲೇಶಪ್ಪನವರಿಗೆ ಅದು ಕಣ್ಣಿಗೆ ಕಟ್ಟುತ್ತದೆ. ಅರವತ್ತರ ಅಣ್ಣ ಮರದ ಬುಡಕ್ಕೆ ಪಾದ ಒತ್ತಿ ನೆಲದ ಮೇಲೆ ಮಲಗಿದ್ದಾನೆ. ತಮ್ಮ ಹೀಗೆ ಅಳೆಯುತ್ತಾನೆಂದು ಅವನಿಗೆ ಯಾರು ಹೇಳಿದರು? ಯಾರನ್ನೋ ಕೇಳಿದ್ದಾನೆ. ಏಳು ವರ್ಷವೂ ಕೇಳುತ್ತಲೇ ಇದ್ದಿರಬೇಕು.

"ಇಷ್ಟು ಕರಾರುವಾಕ್ಕಾಗಿ ಅಳತೆ ಯಾರು ಕೊಟ್ಟಿದ್ದು ಅಂತ ಕೇಳ್ದೆ," ಸಂಪತ್ಕುಮಾರ್ ಹೇಳುತ್ತಿದ್ದಾರೆ. "'ನಮ್ಮನೇಲಿ ಒಬ್ಬ ಅವ್ನೆ, ಇದೆಲ್ಲ ಅವನಿಗೇ ಗೊತ್ತು' ಅಂದ್ರು."

"ಇನ್ನೊಂದ್ಸಲ ಹೇಳಿ ಸ್ವಾಮಿ."

ಸಂಪತ್ಕುಮಾರ್ ಇನ್ನೊಂದು ಸಲ ಹೇಳುತ್ತಾರೆ. ಆಫೀಸಿನ ಬೀಗ ಹಾಕುವಾಗ, ಕೇಳದೆಯೇ ಮೂರನೇ ಸಲವೂ ಹೇಳುತ್ತಾರೆ.

"ಗಳ ಇಲ್ಲೇ ಬಿಟ್ಟು ಹೋದನಾ?"

"ಇಲ್ಲ, ಬಸ್ಸಲ್ಲಿ ಜಾಗ ಇಲ್ಲ ಅಂದ್ರೂ ಕೇಳದೆ ವಾಪಸು ತಗೊಂಡು ಹೋದ್ರು."

ಭಾನುವಾರ ಬೆಳಿಗ್ಗೆ ಕಲ್ಲೇಶಪ್ಪ ಕೋಣೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹೊಸ ಬಿದಿರಿನ ಗಿಣ್ಣು ಹೆರೆಯುತ್ತಿದ್ದಾರೆ. ಹೊಸ ಗಾಡಿ ಹಾರನಹಳ್ಳಿಗೆ ಬರಲು ಇನ್ನೂ ಮೂರು ತಿಂಗಳಿದೆ. ಅಣ್ಣ ಕರೆಯಬಹುದಲ್ಲವೇ ಎಂದರೆ ಬಿದಿರನ್ನು ತಿರುಗಿಸಿ ಇನ್ನೊಂದು ಗಿಣ್ಣಿಗೆ ಚಾಕು ಹಚ್ಚುತ್ತಾರೆ.

"ಕರೀತಾನೋ ಇಲ್ವೋ. ಗಾಡಿ ಇಳಿಯೋ ದಿನ ಬೇಲಿ ಆಚೆ ನಿಂತ್ಕತೀನಿ ಸ್ವಾಮಿ. ನೇಗಿಲು ಕೆಳಗೆ ಬೇರಿನ ಸದ್ದು ಬರಲ್ಲ ಅಂತ ಒಂದ್ಸಲ ಕಿವಿಯಾರೆ ಕೇಳ್ಕಂಡು ಬತ್ತೀನಿ. ಅಷ್ಟು ಸಾಕು ನನಗೆ."