ಬದುಕಿದ್ದವನ ಸಹಿ

ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ, ಕಿಟಕಿಯಿಲ್ಲದ ಒಂದು ಕೋಣೆ ಅವಳದು. ಹರಿದ ಹಾಸುಗಳಿಗೆ ತೇಪೆ ಹಾಕಬೇಕು, ರೋಗಿಗಳು ತೊಡುವ ಗೌನುಗಳ ಕಿತ್ತುಹೋದ ಲಾಡಿ ಹೊಲಿಯಬೇಕು. ಇನ್ನು ಆಪರೇಷನ್ನಿನ ಹಸಿರು ಬಟ್ಟೆಗಳಿದ್ದವು. ಕೊಯ್ಯುವ ಜಾಗ ಮಾತ್ರ ಕಾಣಲೆಂದು ನಡುವೆ ತೂತಿರುತ್ತದಲ್ಲ, ಅವು. ಆ ತೂತಿನ ಅಂಚನ್ನು ಎರಡು ಸಲ ಮಡಿಸಿ ಹೊಲಿಯುವುದೂ ಅವಳ ಕೆಲಸವೇ. ಯಂತ್ರಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದಾಗಿತ್ತು. ಮನೆಯಲ್ಲಿ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತದೆ ಎಂದು ಮಗಳು ಗೊಣಗುವಳು.

ಅಂಥ ಗಂಟಲಿನವಳು ಎರಡು ಗುಟ್ಟುಗಳನ್ನು ಬಚ್ಚಿಟ್ಟಿದ್ದಳು. ಒಂದು ಹಳೆಯದು, ಒಂದು ಹೊಸದು.

ಹೊಸದು ಶುರುವಾಗಿದ್ದು ಹೊಟ್ಟೆನೋವಿನಿಂದ. ಮಾತ್ರೆ ನುಂಗಿ ನುಂಗಿ ಸಾಕಾದ ಮೇಲೆ ಒಂದು ದಿನ ತಾನೇ ಹೊಲಿದ ಹಸಿರು ಬಟ್ಟೆಯಡಿ ಮಲಗಿದಳು. ಒಳಗೆ ನೋಡಿದ ಡಾಕ್ಟರು ಏನನ್ನೂ ತೆಗೆಯದೆ ಹಾಗೇ ಮುಚ್ಚಿ ಹೊಲಿದರು. ಮಾರನೆಯ ದಿನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಡಾಕ್ಟರು ಕೂತು ಮಾತಾಡಿದರೆ ಅದರ ಅರ್ಥವೇನೆಂದು ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿತ್ತು.

"ಹರಡಿಬಿಟ್ಟಿದೆಯಮ್ಮ," ಎಂದರು.

"ಮಗಳ ಪರೀಕ್ಷೆ ಮುಗಿಯೋವರೆಗೆ ಇರ್ತೀನಾ ಸಾರ್?"

"ಈ ವರ್ಷದ್ದಾ?"

"ಹೂಂ."

"ಇರ್ತೀರ," ಎಂದರು. ಮುಂದಿನ ವರ್ಷದ ಮಾತನ್ನು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಗಳಿಗೆ, "ಹೊಟ್ಟೇಲಿ ಹುಣ್ಣಾಗಿತ್ತು ಕಣೇ, ತೆಗೆದುಬಿಟ್ರು," ಎಂದಳು. ಮಗಳು ಒಂಬತ್ತನೇ ಕ್ಲಾಸು. ಅಮ್ಮನಷ್ಟೇ ಎತ್ತರ, ಅಮ್ಮನಿಗಿಂತ ಹರಿತವಾದ ನಾಲಿಗೆ. ತಮ್ಮಿಬ್ಬರ ಬಟ್ಟೆ ಒಗೆದು, ಅನ್ನಕ್ಕಿಟ್ಟು, ಲೆಕ್ಕ ಬಿಡಿಸುತ್ತ ಕೂರುವ ಹುಡುಗಿ. ತನ್ನ ನಂತರ ಇವಳು ಯಾರ ಮನೆಯ ಜಗಲಿ ಸೇರುತ್ತಾಳೆ ಎಂಬ ಯೋಚನೆ ಬಂದಾಗಲೆಲ್ಲ ಹೊಲಿಗೆಯಕ್ಕನ ಕಾಲು ಯಂತ್ರದ ಪೆಡಲಿನ ಮೇಲೆ ನಿಂತುಬಿಡುತ್ತಿತ್ತು.

ದಿಕ್ಕು ಅಂತ ಇದ್ದವಳು ಒಬ್ಬಳೇ ತಂಗಿ. ಕಡಲಾಚೆಯ ಊರಿನಲ್ಲಿ ಮುದುಕರ ಆಶ್ರಮವೊಂದಕ್ಕೆ ಅಡುಗೆ ಮಾಡಿಕೊಂಡಿದ್ದಳು. ಫೋನಿನಲ್ಲಿ ಸುದ್ದಿ ಕೇಳಿ ಮೊದಲು ಅತ್ತಳು, ಆಮೇಲೆ ಮೂಗೊರೆಸಿಕೊಂಡು, "ಅಕ್ಕಾ, ಅವಳನ್ನ ನನಗೆ ಕೊಡು. ಪಾಸ್‌ಪೋರ್ಟ್ ಒಂದು ಮಾಡಿಸಿಡು, ಮಿಕ್ಕಿದ್ದು ನನ್ನ ತಲೆನೋವು," ಎಂದಳು. ಚಿಕ್ಕಮ್ಮನ ಹತ್ತಿರ ಓದಲು ಹೋಗುವುದು ಎಂದಷ್ಟೇ ಮಗಳಿಗೆ ಗೊತ್ತಾಯಿತು. ಅವಳು ಕುಣಿಯಲಿಲ್ಲ. "ನೀನು ಇಲ್ಲಿ ಒಬ್ಬಳೇ ಏನ್ ಮಾಡ್ತೀಯ?" ಎಂದು ಮಾತ್ರ ಕೇಳಿದಳು.

ಪಾಸ್‌ಪೋರ್ಟ್ ಒಂದು ಎಂದರೆ ಒಂದು ಕಾಗದವಲ್ಲ ಎಂಬುದು ಅಲೆಯತೊಡಗಿದ ಮೇಲೆ ತಿಳಿಯಿತು. ಜನನ ಪತ್ರದಲ್ಲಿ ಮಗಳ ಹೆಸರೇ ಇರಲಿಲ್ಲ. 'ಹೆಣ್ಣು ಮಗು' ಎಂದು ಬರೆದು ಕೈತೊಳೆದುಕೊಂಡಿದ್ದರು. ಹೆಸರು ಸೇರಿಸಿ ಎಂದು ಪುರಸಭೆಗೆ ಹೋದರೆ ಶಾಲೆಯ ಪತ್ರ ತನ್ನಿ ಎಂದರು. ಶಾಲೆಗೆ ಹೋದರೆ ಹೆಡ್‌ಮಾಸ್ಟರು ರಜದ ಮೇಲಿದ್ದರು. ವಿಳಾಸ ತೋರಿಸಲು ಬೇಕಾದ ಬಾಡಿಗೆ ಕರಾರಿಗೆ ಸಹಿ ಹಾಕಲು ಮನೆಯ ಒಡತಿ ಹಿಂದೆ ಮುಂದೆ ನೋಡಿದಳು. "ಬರೆದುಕೊಟ್ಟರೆ ನಾಳೆ ಮನೆ ನಂದೇ ಅಂತೀರ," ಎಂದು ಮುಖ ತಿರುಗಿಸಿದವಳು, ಸಂಜೆ ಹೊಲಿಗೆಯಕ್ಕ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕುಸಿದು ಕೂತದ್ದನ್ನು ಕಂಡು, ಏನೂ ಕೇಳದೆ ಸಹಿ ಹಾಕಿಕೊಟ್ಟಳು. ಅಷ್ಟರಲ್ಲಿ ಹೊಲಿಗೆಯಕ್ಕನ ರವಿಕೆಗಳೆಲ್ಲ ಸಡಿಲವಾಗಿದ್ದವು. ಬೇರೆಯವರ ಬಟ್ಟೆ ಸರಿಮಾಡುವವಳು ತನ್ನವನ್ನು ಪಿನ್ನು ಚುಚ್ಚಿ ಹಾಕಿಕೊಂಡು ತಿರುಗಿದಳು.

ಅಂತೂ ಎಲ್ಲ ಜೋಡಿಸಿಕೊಂಡು ತಾಯಿ ಮಗಳು ಪಾಸ್‌ಪೋರ್ಟ್ ಕಚೇರಿಯ ಕೌಂಟರಿನ ಮುಂದೆ ಕೂತರು. ಒಳಗಿದ್ದ ಗುಮಾಸ್ತೆ ಸಿಡುಕಿನವಳಲ್ಲ. ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ, "ಎಲ್ಲಾ ಅಚ್ಚುಕಟ್ಟಾಗಿದೆ," ಎಂದಳು. "ತಂದೆಯವರ ಒಪ್ಪಿಗೆ ಪತ್ರ?"

"ಅವರಿಲ್ಲ," ಎಂದಳು ಹೊಲಿಗೆಯಕ್ಕ.

"ಹೌದಾ... ಹಾಗಾದ್ರೆ ಅವರ ಮರಣ ಪತ್ರ ಕೊಡಿ."

ಹೊಲಿಗೆಯಕ್ಕ ಚೀಲದೊಳಗೆ ಕೈಹಾಕಿ ಸುಮ್ಮನೆ ತಡಕಾಡಿದಳು. ಪಕ್ಕದಲ್ಲಿದ್ದ ಮಗಳು, "ಕೊಡಮ್ಮ," ಎಂದಳು. ಮತ್ತೆ, "ಮನೇಲಿ ಬಿಟ್ಟು ಬಂದ್ಯಾ?"

"ಅದು... ಇಲ್ಲ."

"ಇಲ್ಲ ಅಂದ್ರೆ?" ಎಂದವಳು ಮಗಳೇ.

ಗುಮಾಸ್ತೆಗೆ ಅರ್ಥವಾಯಿತೆಂದು ಕಾಣುತ್ತದೆ. ತಲೆಯೆತ್ತದೆ ಹೇಳಿದಳು: "ಬದುಕಿದ್ರೆ ಅವರ ಸಹಿ ಬೇಕಮ್ಮ. ಇಲ್ಲಾಂದ್ರೆ ಕೋರ್ಟಿಂದ ಆದೇಶ ತರಬೇಕು. ಅದಕ್ಕೆ ವರ್ಷ ಹಿಡಿಯುತ್ತೆ."

ಅಷ್ಟು ಕಾಲ ತನ್ನ ಬಳಿ ಇಲ್ಲ ಎಂದು ಅವಳಿಗೆ ಹೇಳುವಂತಿರಲಿಲ್ಲ. ಪಕ್ಕದಲ್ಲಿ ಮಗಳಿದ್ದಳು.

ಗಂಡ ಬದುಕಿದ್ದಾನೆ ಎಂಬುದೇ ಆ ಹಳೆಯ ಗುಟ್ಟು. ಗಂಡ ಅಂಗಡಿಗಳ ಬೋರ್ಡು ಬರೆಯುವವನು. ಜಗಳವಿಲ್ಲ, ಹೊಡೆತ ಬಡಿತವಿಲ್ಲ. ಪಕ್ಕದೂರಿನಲ್ಲಿ ಬಟ್ಟೆ ಅಂಗಡಿಯೊಂದರ ಬೋರ್ಡಿದೆ ಎಂದು ಬ್ರಶ್ಶು ಡಬ್ಬಿ ಎತ್ತಿಕೊಂಡು ಹೋದವನು ವಾಪಸು ಬರಲಿಲ್ಲ. ಆಗ ಮಗಳಿಗೆ ಮೂರು ವರ್ಷ. ಅಲ್ಲೊಬ್ಬಳಿದ್ದಾಳೆ ಎಂದು ಅವನ ಅಕ್ಕನೇ ಬಂದು ಹೇಳಿ ತಲೆ ತಗ್ಗಿಸಿದ್ದಳು. "ಅಪ್ಪ ಎಲ್ಲಿ?" ಎಂದು ಮಗು ದಿನಾ ಬಾಗಿಲಲ್ಲಿ ಕೂರುವುದನ್ನು ನೋಡಲಾರದೆ ಹೊಲಿಗೆಯಕ್ಕ ಒಂದು ದಿನ ಅವನನ್ನು ಸಾಯಿಸಿಬಿಟ್ಟಳು. ಬಿಟ್ಟುಹೋದ ಅಪ್ಪನಿಗಿಂತ ಸತ್ತ ಅಪ್ಪ ವಾಸಿ ಅನ್ನಿಸಿತ್ತು.

ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನೆಲ್ಲ ಹೇಳಿ ಮುಗಿಸಿದಾಗ ಮಗಳು ಅಳಲಿಲ್ಲ. "ಹುಟ್ಟಿದಬ್ಬಕ್ಕೆಲ್ಲ ಅವರ ಫೋಟೋಗೆ ಕೈಮುಗಿಸ್ತಿದ್ದೆಯಲ್ಲಮ್ಮ ನನ್ನ ಕೈಲಿ," ಎಂದಳು. "ನಗು ಬರ್ತಿರಲಿಲ್ವಾ ನಿಂಗೆ?" ಅಂದಿನಿಂದ ಊಟಕ್ಕೆ ಕರೆದರೆ ಬರುವಳು, ತಟ್ಟೆ ತೊಳೆದಿಟ್ಟು ಗೋಡೆಗೆ ಮುಖ ಮಾಡಿ ಮಲಗುವಳು. ಹೊಲಿಗೆಯಕ್ಕನಿಗೆ ಹೊಟ್ಟೆಯ ನೋವಿಗಿಂತ ಅದೇ ಹೆಚ್ಚು ಸುಡುತ್ತಿತ್ತು.

ಗಂಡನ ಅಕ್ಕನ ಬಳಿ ಹೋಗಿ, "ಅತ್ತಿಗೆ, ಎಲ್ಲಿದ್ದಾರೆ ಹೇಳಿ. ಜಗಳಕ್ಕಲ್ಲ, ಒಂದು ಸಹಿಗೆ," ಎಂದು ವಿಳಾಸ ಕೇಳಿಕೊಂಡು ಬಂದಳು. ಹೊರಡುವ ದಿನ ಮಗಳು ತಾನಾಗಿಯೇ ಚಪ್ಪಲಿ ಮೆಟ್ಟಿ ನಿಂತಳು. "ನಾನೂ ಬರ್ತೀನಿ. ಸತ್ತವರನ್ನ ನೋಡೋ ಅವಕಾಶ ಎಲ್ಲರಿಗೂ ಸಿಗುತ್ತಾ?"

ಅವನ ಮನೆ ಬಣ್ಣದ ಅಂಗಡಿಯೊಂದರ ಹಿಂದಿನ ಓಣಿಯಲ್ಲಿತ್ತು. ಬೋರ್ಡು ಬರೆಯುವ ಕೆಲಸ ಎಂದೋ ನಿಂತುಹೋಗಿತ್ತು. ಈಗ ಎಲ್ಲ ಯಂತ್ರದಲ್ಲೇ ಅಚ್ಚಾಗಿ ಬರುತ್ತದೆ. ಅವನು ಗೇಟುಗಳಿಗೆ ಬಣ್ಣ ಬಳಿದುಕೊಂಡಿದ್ದ. ತಲೆ ನೆರೆತಿತ್ತು, ಹೊಟ್ಟೆ ಬಂದಿತ್ತು. ಬಾಗಿಲಲ್ಲಿ ನಿಂತವರನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಒಳಗಿದ್ದ ಹೆಂಗಸು ಇಬ್ಬರಿಗೂ ನೀರು ತಂದಿಟ್ಟು, ಅವರ ಮುಖ ನೋಡದೆ ಅಡುಗೆಮನೆ ಸೇರಿಕೊಂಡಳು.

ಅವನು ಮಗಳನ್ನು ನೋಡಿದ. "ಎಷ್ಟನೇ ಕ್ಲಾಸು?"

"ಒಂಬತ್ತು," ಎಂದಳು ಅವಳು. ಅಷ್ಟೇ.

ಹೊಲಿಗೆಯಕ್ಕ ಕಾಗದ ಮುಂದಿಟ್ಟು ವಿಷಯ ಹೇಳಿದಳು. ಸಹಿ ಹಾಕಿ ಕಳಿಸಿಬಿಡುತ್ತಾನೆ ಎಂದುಕೊಂಡಿದ್ದಳು. ಅವನು ಕಾಗದವನ್ನು ಓದಿ, ಮತ್ತೆ ಓದಿ, ವಾಪಸು ತಳ್ಳಿದ.

"ಕಂಡು ಕೇಳರಿಯದ ದೇಶಕ್ಕೆ ಹೆಣ್ಣುಮಗೂನ ಕಳಿಸ್ತೀಯಾ? ತಾಯಿ ನೀನು ಇದೀಯಲ್ಲ, ಜೊತೆಗಿಟ್ಕೊಳ್ಳೋಕೆ ಏನು ದಾಡಿ? ನಾನು ಒಪ್ಪಲ್ಲ."

ಹನ್ನೊಂದು ವರ್ಷ ಇಲ್ಲದ ಅಪ್ಪತನ ಆ ಗಳಿಗೆಯಲ್ಲಿ ಅವನಿಗೆ ಎಲ್ಲಿಂದ ಬಂತೋ. ಹೊಲಿಗೆಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ಬೆರಳಲ್ಲಿ ತನಗೆ ಬೇಕಾದ್ದಿತ್ತು. ಹಲ್ಲು ಕಚ್ಚಿಕೊಂಡು ಮಗಳ ಕಡೆ ತಿರುಗಿ, "ಸ್ವಲ್ಪ ಹೊರಗೆ ನಿಂತಿರಮ್ಮ," ಎಂದಳು. ಮಗಳು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಹೇಳಿದಳು:

"ನಾನು ಉಳಿಯೋದಿಲ್ಲ ರೀ. ಹೊಟ್ಟೆ ತುಂಬ ಹರಡಿದೆ. ಡಾಕ್ಟರು ಕೈಚೆಲ್ಲಿದಾರೆ. ನಾನು ಹೋದ ಮೇಲೆ ಅವಳನ್ನ ನೀವು ನೋಡ್ಕೋತೀರಾ? ಈ ಮನೇಲಿ ಇಟ್ಕೋತೀರಾ? ಹೂಂ ಅನ್ನಿ, ಕಾಗದ ಇಲ್ಲೇ ಹರಿದುಹಾಕ್ತೀನಿ."

ಅವನು ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಪಾತ್ರೆಯ ಸದ್ದು ನಿಂತಿತ್ತು. ನೆಲ ನೋಡಿದ. ಆಮೇಲೆ ಪೆನ್ನು ಕೇಳಿದ.

ಮೆಲ್ಲಗೇ ಹೇಳಿದೆ ಎಂದುಕೊಂಡಿದ್ದಳು ಹೊಲಿಗೆಯಕ್ಕ. ಆದರೆ ಅದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪಳಗಿದ ಗಂಟಲು, ಆ ಬಾಗಿಲೋ ತೆಳು ಹಲಗೆಯದು. ಹೊರಗೆ ಬಂದಾಗ ಮಗಳು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಬಸ್ಸಿನಲ್ಲಿ ಮಗಳು ಅಮ್ಮನ ಕೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, "ಹುಣ್ಣು ಅಂದೆಯಲ್ಲೇ ಅಮ್ಮಾ," ಎಂದಳು. ಬಿಕ್ಕಳಿಸುತ್ತ, "ನಾನು ಎಲ್ಲಿಗೂ ಹೋಗಲ್ಲ. ಪಾಸ್‌ಪೋರ್ಟ್ ಬೇಡ, ಏನೂ ಬೇಡ."

"ಈಗಲೇ ಹೋಗು ಅಂತ ಯಾರು ಅಂದ್ರು?" ಎಂದಳು ಹೊಲಿಗೆಯಕ್ಕ. "ನಾನಿರೋ ತನಕ ಇರು. ಆಮೇಲೆ ಹೋಗು. ಅಷ್ಟು ಮಾತು ಕೊಡು." ಮಗಳು ಮಾತು ಕೊಡಲಿಲ್ಲ. ಕೈಯನ್ನೂ ಬಿಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುವುದು ಮಾತ್ರ ಅಂದಿಗೆ ನಿಂತಿತು.

ಅರ್ಜಿ ಸೇರಿತು. ವಿಚಾರಣೆಗೆ ಪೊಲೀಸಿನವನು ಮನೆಗೆ ಬರುವ ಹೊತ್ತಿಗೆ ಹೊಲಿಗೆಯಕ್ಕ ಕೆಲಸ ಬಿಟ್ಟು ಹಾಸಿಗೆ ಹಿಡಿದಿದ್ದಳು. ಅವನು ಗುರುತಿನ ಚೀಟಿಯ ಫೋಟೋ ನೋಡಿದ, ಮಂಚದ ಮೇಲಿದ್ದವಳನ್ನು ನೋಡಿದ, ಮತ್ತೆ ಫೋಟೋ ನೋಡಿದ. ಫೋಟೋದಲ್ಲಿ ತುಂಬುಗೆನ್ನೆಯ ಹೆಂಗಸು.

"ನಿನ್ನ ತಾಯಿ ಎಲ್ಲಮ್ಮ?" ಎಂದು ಮಗಳನ್ನು ಕೇಳಿದ.

"ನಾನೇ," ಎಂದಳು ಹೊಲಿಗೆಯಕ್ಕ. ಆ ಗಂಟಲೂ ಈಗ ಉಡುಗಿಹೋಗಿತ್ತು.

ಅವನಿಗೆ ನಂಬಿಕೆ ಬರಲಿಲ್ಲ. "ಯಾರಾದ್ರೂ ಸಾಕ್ಷಿ ಹೇಳಬೇಕಾಗುತ್ತೆ," ಎಂದ. ಮಗಳು ಮೇಲಿನ ಮನೆಗೆ ಓಡಿದಳು. ಮನೆಯ ಒಡತಿ ಧಡಧಡ ಇಳಿದು ಬಂದಳು. "ಇವಳಲ್ಲದೆ ಇನ್ಯಾರಪ್ಪಾ? ಹತ್ತು ವರ್ಷದಿಂದ ದಿನಾ ನೋಡ್ತಿದ್ದೀನಿ. ಬರಕೋ, ನನ್ನ ಹೆಸರು ಬರಕೋ," ಎಂದು ಗದರಿಸಿ, ಸಹಿ ಹಾಕಿ, ಹೊರಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪೊಲೀಸಿನವನು ಹೊರಡುವಾಗ ಟೋಪಿ ಕೈಯಲ್ಲಿ ಹಿಡಿದುಕೊಂಡು, "ತಪ್ಪು ತಿಳೀಬೇಡಿ ತಾಯಿ," ಎಂದ.

ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದ ದಿನ ಹೊಲಿಗೆಯಕ್ಕನನ್ನು ಅದೇ ಆಸ್ಪತ್ರೆಯ ಮೂರನೇ ಮಹಡಿಗೆ ಸೇರಿಸಿದ್ದರು. ಮಗಳು ಅದನ್ನು ತಂದು ಅವಳ ಮುಖದ ಮುಂದೆ ಬಿಡಿಸಿ ಹಿಡಿದಳು. ಅವಳು ಬಹಳ ಹೊತ್ತು ನೋಡಿದಳು. "ಕೂದಲು ಸರಿಯಾಗಿ ಬಾಚ್ಕೊಂಡಿಲ್ಲ ನೋಡು," ಎಂದಳು. ಪರೀಕ್ಷೆ ಇನ್ನೂ ಎರಡು ವಿಷಯ ಬಾಕಿಯಿರುವಾಗ ತೀರಿಕೊಂಡಳು. ಡಾಕ್ಟರ ಮಾತು ಅಷ್ಟರಮಟ್ಟಿಗೆ ಸುಳ್ಳಾಯಿತು.

ಚಿಕ್ಕಮ್ಮ ಬಂದು ತಲುಪುವಾಗ ಎಲ್ಲ ಮುಗಿದಿತ್ತು. "ನಿಮ್ಮಪ್ಪನಿಗೆ ಹೇಳಿದ್ಯಾ?" ಎಂದು ಕೇಳಿದಳು.

"ಇಲ್ಲ ಚಿಕ್ಕಮ್ಮ," ಎಂದಳು ಹುಡುಗಿ. "ಅವರ ಹತ್ರ ಬೇಕಾಗಿದ್ದು ಸಹಿ. ಅದು ಸಿಕ್ಕಿತ್ತಲ್ಲ."

ಉಳಿದ ಎರಡು ಪರೀಕ್ಷೆಗಳನ್ನೂ ಅವಳು ಬರೆದಳು. ಬರೆದು ಬಂದು, ಅಮ್ಮನ ಬಟ್ಟೆಗಳನ್ನು ಒಗೆದು ಮಡಿಸಿ ಮನೆಯ ಒಡತಿಗೆ ಕೊಟ್ಟಳು. ವೀಸಾಕ್ಕೆ ಇನ್ನೊಂದಷ್ಟು ಕಾಗದ ಬೇಕೆಂದರು. ಅದರಲ್ಲಿ ತಾಯಿಯ ಮರಣ ಪತ್ರವೂ ಒಂದು. ಅದನ್ನು ತರಲು ಪುರಸಭೆಗೆ ಚಿಕ್ಕಮ್ಮ ತಾನು ಹೋಗುತ್ತೇನೆಂದರೂ ಬಿಡದೆ, ಹುಡುಗಿ ಒಬ್ಬಳೇ ಹೋಗಿ ಸಾಲಿನಲ್ಲಿ ನಿಂತಳು.